ಶಾಲೆ ಗೋಡೆಗೆ ಎಂಟು ಜನ ಆದರ್ಶ ವ್ಯಕ್ತಿಗಳು: ಸೇನೆ, ಹಾಕಿ ಬಿಟ್ಟರೆ ಇನ್ಯಾರು?

ಸೋಮವಾರಪೇಟೆ ಮೇಷ್ಟ್ರು:
ನಮ್ಮ ಪ್ರೌಢಶಾಲೆಯ ಕಾರಿಡಾರಿನಲ್ಲಿ ಎಂಟು ಪಟ ಹಾಕುವಷ್ಟು ಜಾಗ ಇದೆ. ಪಟ್ಟಿ ಮಾಡಲು ಕೂತರೆ ಕಾರ್ಯಪ್ಪ, ತಿಮ್ಮಯ್ಯ, ಆಮೇಲೆ ಹಾಕಿ ಆಟಗಾರರು, ಅಲ್ಲಿಗೆ ಗಾಡಿ ನಿಲ್ಲುತ್ತದೆ. ಬೇರೆ ಬೇರೆ ಕ್ಷೇತ್ರದವರು ಬೇಕು, ಕೊಡಗಿನವರೇ ಆಗಬೇಕು. ಹುಟ್ಟಿದ್ದು, ಪ್ರಶಸ್ತಿ, ತೀರಿಕೊಂಡದ್ದು ಅಂತಷ್ಟೇ ಬರೆದರೆ ಮಕ್ಕಳು ತಿರುಗಿಯೂ ನೋಡುವುದಿಲ್ಲ. ಯಾರನ್ನು ಆರಿಸಬೇಕು, ಏನು ಬರೆಯಬೇಕು? ಮಳೆ ಹಿಡಿಯುವ ಮೊದಲೇ ಹಾಕಬಹುದಾ?

ಹಳೇ ಕಡತ:
ಮೇಷ್ಟ್ರೇ, ಹುದ್ದೆ ನೋಡಿ ಆರಿಸಬೇಡಿ. ಅವರು ಮಾಡಿದ ಯಾವುದಾದರೂ ಒಂದು ಕೆಲಸ ಹಿಡಿದುಕೊಳ್ಳಿ, ಪಟದ ತುಂಬ ಅದೊಂದೇ ಇರಲಿ.

ಮೊದಲ ಹೆಸರು ವಿರಾಜಪೇಟೆಯ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆಗಿನ ನಿಯಮದ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದಿತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ‘ಕೇಸ್ ಗೆದ್ದರು’ ಅಂತ ಮಾತ್ರ ಬರೆಯಬೇಡಿ. ತೀರ್ಪು ಬರುವಷ್ಟರಲ್ಲಿ ಬಡ್ತಿ ಸಿಕ್ಕಿತ್ತು, ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮದುವೆಗೆ ಅನುಮತಿ ಬೇಕೆನ್ನುವ ನಿಯಮವನ್ನು ಸರ್ಕಾರವೂ ಕೈಬಿಟ್ಟಿತು. ಒಂಬತ್ತನೇ ಕ್ಲಾಸಿನ ಹುಡುಗಿಯರು ಈ ಪಟದ ಮುಂದೆ ನಿಲ್ಲದಿದ್ದರೆ ಕೇಳಿ. ಇನ್ನೊಂದು ಮಾತು, ಬರೀ ‘ಐಎಫ್‌ಎಸ್’ ಅಂದರೆ ನಮ್ಮ ಕಡೆ ಎಲ್ಲರೂ ಅರಣ್ಯ ಸೇವೆ ಅಂದುಕೊಳ್ಳುತ್ತಾರೆ. ‘ವಿದೇಶಾಂಗ ಸೇವೆ’ ಅಂತ ಪೂರ್ತಿ ಬರೆಯಿರಿ.

ನಡಿಕೇರಿಯಂಡ ಚಿಣ್ಣಪ್ಪ ಇರಲೇಬೇಕು. ಪೊಲೀಸ್ ಇಲಾಖೆಯಲ್ಲಿ ಇದ್ದುಕೊಂಡೇ ಬಾಯಿಂದ ಬಾಯಿಗೆ ಬಂದಿದ್ದ ಕೊಡವ ಹಾಡು, ಪದ್ಧತಿಗಳನ್ನು ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪುಸ್ತಕ ತಂದರು. ಕತೆಗಾರ್ತಿ ಕೊಡಗಿನ ಗೌರಮ್ಮ 1934ರಲ್ಲಿ ಗಾಂಧೀಜಿ ತಮ್ಮ ಮನೆಗೆ ಬರಲೆಂದು ಉಪವಾಸ ಕೂತು, ಅವರು ಬಂದಾಗ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು. ಬ್ರಿಟಿಷರ ವಿರುದ್ಧ ದಂಗೆ ಎದ್ದು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡ, ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ನ ಕಲಾವಿದೆ ರಾಣಿ ಮಾಚಯ್ಯ (ಪದ್ಮಶ್ರೀ, 2023) ಇವರೂ ಸೇರಲಿ.

ಕ್ರೀಡೆಗೆ ಒಬ್ಬರು ಸಾಕು, ರೋಹನ್ ಬೋಪಣ್ಣ. 2010 ಮತ್ತು 2023, ಎರಡು ಸಲವೂ ಯುಎಸ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಸೋತರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಸೋತ ಇಸವಿಗಳನ್ನೇ ದಪ್ಪ ಅಕ್ಷರದಲ್ಲಿ ಹಾಕಿ. ‘ಮೊದಲ ಗ್ರ್ಯಾನ್ ಸ್ಲಾಮ್’ ಅನ್ನಬೇಡಿ, 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಅವರದ್ದೇ.

ಕಾರ್ಯಪ್ಪನವರನ್ನು ಹಾಕುವುದಾದರೆ ‘ದೇಶದ ಮೊದಲ ಫೀಲ್ಡ್ ಮಾರ್ಷಲ್’ ಅಂತ ಬರೆದು ನಗೆಪಾಟಲಾಗಬೇಡಿ. ಆ ಗೌರವ 1973ರಲ್ಲಿ ಮಾಣೆಕ್ ಷಾ ಅವರಿಗೆ ಸಿಕ್ಕಿತು, ಕಾರ್ಯಪ್ಪನವರಿಗೆ 1986ರಲ್ಲಿ. ಇವರು ಮೊದಲಿಗರಾದದ್ದು 1949ರ ಜನವರಿ 15ರಂದು, ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ.

ಪ್ರಿಂಟಿಂಗ್ ಅಣ್ಣ:
ಯಾರ ಪಟ ಅನ್ನುವುದು ನಿಮಗೆ ಬಿಟ್ಟದ್ದು, ಅದು ಉಳಿಯುವ ದಾರಿ ಹೇಳುತ್ತೇನೆ. ಈಗ ಹಾಕಬೇಡಿ, ಅಕ್ಟೋಬರ್ ಕಳೆಯಲಿ. ಮಳೆಗಾಲದಲ್ಲಿ ಗೋಡೆ ಥಂಡಿ ಹೀರಿರುತ್ತದೆ. ಪಟ ಗೋಡೆಗೆ ಅಂಟಿ ಕೂತರೆ ಹಿಂದೆ ಗಾಳಿ ಆಡದೆ ಬೂಷ್ಟು ಹಿಡಿಯುತ್ತದೆ. ಡಬಲ್ ಸೈಡ್ ಟೇಪಂತೂ ಬೇಡವೇ ಬೇಡ, ಸುಣ್ಣದ ಪುಡಿ ಸಮೇತ ಕಿತ್ತುಕೊಂಡು ಬೀಳುತ್ತದೆ. ಗೋಡೆಗೆ ಅಡ್ಡಕ್ಕೆ ಎರಡು ರೀಪರ್ (ಸಣ್ಣ ಮರದ) ಪಟ್ಟಿ ಹೊಡೆದು ಅದರ ಮೇಲೆ 5 ಎಂಎಂ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಸ್ಕ್ರೂ ಹಾಕಿ ಕೂರಿಸಿ. ಲ್ಯಾಮಿನೇಶನ್ ಮ್ಯಾಟ್ ಇರಲಿ. ಗ್ಲಾಸಿ ಹಾಕಿದರೆ ಟ್ಯೂಬ್‌ಲೈಟ್ ಬೆಳಕು ಹೊಳೆದು ಅರ್ಧ ಪಟ ಕಾಣುವುದಿಲ್ಲ.

ಎ3 ಅಳತೆಗೆ 60 ಪದ ದಾಟಬೇಡಿ. ಹೆಸರು 72 ಪಾಯಿಂಟ್, ಬರಹ 28. ಪಟದ ನಡುಭಾಗ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಬರಲಿ. ಫೋಟೊ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಮಸುಕಾಗುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯುನಿಕೋಡ್, ಡಿಟಿಪಿಯವರು ಅದನ್ನು ‘ನುಡಿ’ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಕೆಡುತ್ತವೆ. ‘ಕಾರ್ಯಪ್ಪ’ ಇರುವ ಸಾಲು ಮೊದಲು ನೋಡಿ. ಪ್ರೂಫನ್ನು ಕಂಪ್ಯೂಟರಿನಲ್ಲಿ ನೋಡಿದರೆ ಸಾಲದು, ಎ4 ಹಾಳೆಯಲ್ಲಿ ತೆಗೆಸಿಕೊಂಡು ಓದಿ.

ದುಬಾರೆ ದಾರಿ:
ಮೇಲಿನ ಪಟ್ಟಿ ಚೆನ್ನಾಗಿದೆ, ಆದರೆ ಎಲ್ಲರೂ ಪಠ್ಯದಲ್ಲೋ ಪತ್ರಿಕೆಯಲ್ಲೋ ಬಂದವರೇ. ಎಂಟರಲ್ಲಿ ಎರಡು ಜಾಗ ಮಕ್ಕಳೇ ಹೋಗಿ ಮಾತಾಡಿಸಬಹುದಾದವರಿಗೆ ಇಡಿ: ದುಬಾರೆ ಆನೆ ಶಿಬಿರದ ಒಬ್ಬ ಜೇನುಕುರುಬ ಮಾವುತ, ಒಂಟಿ ಬಿದಿರಿನ ಏಣಿ ಹತ್ತಿ ಕರಿಮೆಣಸು ಕೊಯ್ಯುವ ಒಬ್ಬರು. ದಸರಾ ಆನೆಗಳ ಜೊತೆ ಮಾವುತರೂ ಮೈಸೂರಿಗೆ ಹೋಗಿರುತ್ತಾರೆ, ಅವರು ವಾಪಸ್ ಬಂದ ಮೇಲೆ ಹೋಗಿ. ಮೆಣಸಿನವರನ್ನು ಕೊಯ್ಲಿನ ಹೊತ್ತಿನಲ್ಲಿ ಮರದಿಂದ ಇಳಿಸಿ ನಿಲ್ಲಿಸಿಕೊಳ್ಳಬೇಡಿ, ಅವರ ಕೂಲಿ ಹೋಗುತ್ತದೆ.

‘ಮಕ್ಕಳಿಗೆ ನಿಮ್ಮ ಸಂದೇಶ ಏನು’ ಅಂತ ಕೇಳಿದರೆ ಯಾರಾದರೂ ‘ಚೆನ್ನಾಗಿ ಓದಿ’ ಅಂತಲೇ ಹೇಳುವುದು. ಅದರ ಬದಲು ‘ಬೆಳಗ್ಗೆ ಆನೆ ಹತ್ತಿರ ಹೋದಾಗ ಮೊದಲು ಎಲ್ಲಿ ನೋಡ್ತೀರಿ’, ‘ಏಣಿ ಜಾರುತ್ತೆ ಅಂತ ಹೇಗೆ ಗೊತ್ತಾಗುತ್ತೆ’ ಅಂತ ಕೇಳಿಸಿ. ಇಬ್ಬರು ಮಕ್ಕಳು ಹೋದರೆ ಸಾಕು, ಒಬ್ಬರು ಕೇಳಲಿ, ಇನ್ನೊಬ್ಬರು ಅವರಾಡಿದ ಮಾತನ್ನೇ ಬರೆದುಕೊಳ್ಳಲಿ. ಅಚ್ಚಿಗೆ ಕೊಡುವ ಮೊದಲು ಬರೆದದ್ದನ್ನು ಅವರಿಗೆ ಓದಿ ಹೇಳಿ, ಫೋಟೊಗೂ ಒಪ್ಪಿಗೆ ತೆಗೆದುಕೊಳ್ಳಿ.

ಸೋಮವಾರಪೇಟೆ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪಯ್ಯ ಗೌಡರ ಕಾಲದಲ್ಲಿ ಫೋಟೊನೇ ಇಲ್ಲವಲ್ಲ, ಏನು ಹಾಕುವುದು?

ಹಳೇ ಕಡತ:
ಕೋಟೆಯ ಫೋಟೊ ಹಾಕಿ, ಕೆಳಗೆ ‘ಮಡಿಕೇರಿ ಕೋಟೆ, ಇಂದಿನ ಚಿತ್ರ’ ಅಂತ ಬರೆಯಿರಿ. ಕಲಾವಿದರ ಕಲ್ಪನೆಯ ಮುಖ ಹಾಕುವುದೇ ಆದರೆ ‘ಕಾಲ್ಪನಿಕ ಚಿತ್ರ’ ಅನ್ನುವುದು ಎದ್ದು ಕಾಣುವ ಹಾಗಿರಲಿ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ.