ಸಹಾಯ ಬೇಕು: ಪಾರ್ಕಿನಲ್ಲಿ ಶಾಮಿಯಾನ ಕಟ್ಟುವವರ ಸುರಕ್ಷತೆಗೆ ಯಾವ ನಿಯಮವಿದೆ?

ದಾವಣಗೆರೆಯ ಬಂಧುಗಳೇ, ಹೋದ ವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಶಾಮಿಯಾನ ಕಟ್ಟುತ್ತಿದ್ದ ನನ್ನ ತಮ್ಮ ಏಣಿಯಿಂದ ಬಿದ್ದು ಕೈ ಮುರಿದುಕೊಂಡನು. ಹೆಲ್ಮೆಟ್ ಇರಲಿಲ್ಲ, ಸೊಂಟಕ್ಕೆ ಹಗ್ಗವಿರಲಿಲ್ಲ. ಮಳೆಗೆ ನೆನೆದ ನೆಲದ ಮೇಲೆಯೇ ಲೈಟಿನ ವೈರುಗಳು ಹರಡಿಕೊಂಡಿದ್ದವು. ಎರಡೇ ಗಂಟೆಯಲ್ಲಿ ಏನೂ ಆಗಿಲ್ಲವೆಂಬಂತೆ ಕಾರ್ಯಕ್ರಮ ಶುರುವಾಯಿತು. ನನಗೆ ಅದೇ ಹೆಚ್ಚು ನೋವು.

ಗುತ್ತಿಗೆದಾರರು ಆಯೋಜಕರತ್ತ, ಆಯೋಜಕರು ಗುತ್ತಿಗೆದಾರರತ್ತ ಬೆರಳು ತೋರಿಸುತ್ತಿದ್ದಾರೆ. ನೌಕರರ ಪರಿಹಾರದ ಕಾನೂನಿನಡಿ ಪರಿಹಾರ ಕೇಳಬಹುದೆಂದು ವಕೀಲರೊಬ್ಬರು ಹೇಳಿದರು. ಪಾರ್ಕ್ ಬಳಸಲು ಪಾಲಿಕೆ ಕೊಡುವ ಅನುಮತಿ ಪತ್ರದಲ್ಲಿ ಕೆಲಸಗಾರರ ಸುರಕ್ಷತೆಯ ಷರತ್ತುಗಳು ಇರುತ್ತವೆಯೇ? ಹಿಂದೆ ಅನುಮತಿ ಪಡೆದವರು ದಯವಿಟ್ಟು ಅದರ ಪ್ರತಿ ತೋರಿಸುವಿರಾ? ಮಾಹಿತಿ ಹಕ್ಕಿನಡಿ ಅರ್ಜಿ ಹಾಕುತ್ತೇನೆ, ಆದರೆ ಉತ್ತರ ಕೊಡಲು 30 ದಿನಗಳ ಅವಕಾಶವಿರುತ್ತದೆ. ಅದೇ ಪಾರ್ಕಿನಲ್ಲಿ ಮುಂದಿನ ಭಾನುವಾರವೇ ಮತ್ತೊಂದು ಕಾರ್ಯಕ್ರಮವಿದೆ.