ಹಿತ್ತಲಿನ ಮೀನಿನ ಕೊಳ: ಶೀಟಿಗಿಂತ ಮೊದಲು ಪೈಪು

ಕಂದಾ, ಅತ್ತೆ ಮಾತನಾಡುತ್ತಿದ್ದೇನೆ. ಹಿತ್ತಲಿನಲ್ಲಿ ಮೀನಿಗೆಂದು ತೆಗೆಸಿದ ಗುಂಡಿಯ ಫೋಟೊ ಗುಂಪಿನಲ್ಲಿ ನೋಡಿದೆ. 12 ಅಡಿ ಉದ್ದ, 8 ಅಡಿ ಅಗಲ, 3 ಅಡಿ ಆಳ. ಭಾನುವಾರ 18 ಅಡಿ ಉದ್ದ, 14 ಅಡಿ ಅಗಲದ ಶೀಟು ಹಾಸಿಬಿಡುತ್ತೇನೆ, ಪೈಪಿನ ಕೆಲಸ ಆಮೇಲೆ ನೋಡಿಕೊಳ್ಳೋಣ ಎಂದು ಬರೆದಿದ್ದೀಯ. ದಯವಿಟ್ಟು ಈ ಭಾನುವಾರ ಹಾಸಬೇಡ. ತಳದ ಪೈಪು ಶೀಟಿನ ಕೆಳಗೆ ಹೋಗಬೇಕು. ಒಮ್ಮೆ ನೀರು ತುಂಬಿದರೆ ಅಲ್ಲಿಗೆ ಮತ್ತೆ ಕೈ ಹಾಕಬೇಕೆಂದರೆ ಮೀನು ತೆಗೆದು, ನೀರು ಖಾಲಿ ಮಾಡಿ, ಶೀಟು ಎತ್ತಬೇಕಾಗುತ್ತದೆ. ನಮ್ಮ ಕೋಲಾರದಲ್ಲಿ ಸಾವಿರ ಅಡಿಯ ಕೊಳವೆಬಾವಿಯಿಂದ ಎತ್ತಿದ ನೀರನ್ನು ಹಾಗೆ ಚೆಲ್ಲಲು ಮನಸ್ಸು ಬರುತ್ತದೆಯೇ?

ಮೊದಲು ಮೀನಿನ ವಿಷಯ. ಮಗು ಕೋಯಿ ಮೀನೇ ಬೇಕೆಂದಿದ್ದಾಳಲ್ಲ, ಅದು ಎರಡು ಅಡಿಯವರೆಗೂ ಬೆಳೆಯುತ್ತದೆ. ಮೂರು ಅಡಿ ನೀರು ಗೋಲ್ಡ್ ಫಿಶ್‌ಗೆ ಸಾಕು, ಕೋಯಿಗೆ ಸಾಲದು. ನಮ್ಮ ಏಪ್ರಿಲ್ ಬಿಸಿಲಿಗೆ ನೀರು ಬೇಗ ಕಾಯುತ್ತದೆ. ಇನ್ನೊಂದು ಅಡಿ ತೆಗೆಸು. ಆಗ ಶೀಟಿನ ಲೆಕ್ಕವೂ ಬದಲಾಗುತ್ತದೆ. ಉದ್ದಕ್ಕೆ ಎರಡೂ ಬದಿಯ ಆಳ ಸೇರಿಸು, ಮೇಲೆ ಅಂಚಿಗೆಂದು ಒಂದೊಂದು ಅಡಿ ಬಿಡು: 12, 4, 4, ಮತ್ತೆ 2, ಒಟ್ಟು 22 ಅಡಿ. ಅಗಲವೂ ಹಾಗೆಯೇ, 18 ಅಡಿ. ನಿನ್ನ ಲೆಕ್ಕದಲ್ಲಿ ಅಂಚಿನ ಅಡಿಗಳು ಇರಲೇ ಇಲ್ಲ. ಅಂಚಿಲ್ಲದಿದ್ದರೆ ಕಲ್ಲು ಹೊದಿಸಿ ಬಿಗಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಈಗ ಪೈಪು. ತಳದ ನಡುವೆ ಒಂದು ಬಾಟಮ್ ಡ್ರೈನ್, ಅಂದರೆ ಕಸದ ನೀರು ಹೊರಹೋಗುವ ಬಾಯಿ, ಕೂರಿಸಬೇಕು, ನೆಲ ಎಲ್ಲ ಕಡೆಯಿಂದಲೂ ಅದರತ್ತ ಸ್ವಲ್ಪ ಇಳಿಜಾರಾಗಿರಬೇಕು. ಅಲ್ಲಿಂದ 110 ಮಿಲಿಮೀಟರ್ ಪೈಪು ನೆಲದಡಿಯಲ್ಲೇ ಹೊರಗೆ ಹೋಗಿ, ಕಸ ತಂಗುವ ತೊಟ್ಟಿಗೆ ಸೇರಬೇಕು. ಡ್ರೈನಿನ ಸುತ್ತ ಕಾಂಕ್ರೀಟು ಹಾಕಿಸು, ಅಲುಗಾಡಬಾರದು. ಗುಂಡಿಯ ಕೆಳಗೆ ಬರುವ ಪೈಪು ಒಂದೇ ತುಂಡಾಗಿರಲಿ, ಜೋಡಣೆ ಬೇಡ. ತಿರುವು ಬೇಕಾದ ಕಡೆ 90 ಡಿಗ್ರಿಯ ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿಸು. ನೀರಿನ ಓಟಕ್ಕೆ ತಡೆ ಕಡಿಮೆ, ಕಸವೂ ಸಿಕ್ಕಿಕೊಳ್ಳುವುದಿಲ್ಲ.

ಫಿಲ್ಟರಿನ ತೊಟ್ಟಿಯನ್ನು ಕಾಂಪೌಂಡಿನ ಮೇಲೆ ಇಡುತ್ತೇನೆ ಎಂದು ನೀನು ಹೇಳಿದ್ದೆ. ಕಸ ತಂಗುವ ತೊಟ್ಟಿಯನ್ನು ಮಾತ್ರ ಹಾಗೆ ಇಡಲಾಗದು. ಕೊಳ ಮತ್ತು ಆ ತೊಟ್ಟಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕು. ಹಾಗಿದ್ದರೆ ಮೋಟಾರಿಲ್ಲದೆ ನೀರು ತಾನಾಗಿ ಬರುತ್ತದೆ. ಅದಕ್ಕೆಂದು 500 ಲೀಟರ್ ಟ್ಯಾಂಕನ್ನು ನೆಲದಲ್ಲಿ ಹೂಳಿ, ಅದರ ಬಾಯಿ ಕೊಳದ ಅಂಚಿನ ಮಟ್ಟಕ್ಕೆ ಬರುವಂತೆ ಮಾಡಿಸು. ಫಿಲ್ಟರಿಗೆ ನೀರು ಎತ್ತುವ ಪಂಪು ಇರಬೇಕಾದದ್ದು ಈ ಟ್ಯಾಂಕಿನ ನಂತರ. ಕೊಳದೊಳಗೇ ಪಂಪು ಇಟ್ಟರೆ ಮೀನಿನ ಹಿಕ್ಕೆಯನ್ನು ಅದು ಅರೆದು ಹಿಟ್ಟು ಮಾಡುತ್ತದೆ, ಆಮೇಲೆ ಯಾವ ಫಿಲ್ಟರಿಗೂ ಸುಲಭವಾಗಿ ಸಿಗುವುದಿಲ್ಲ. ಟ್ಯಾಂಕಿನ ಅಡಿಯಲ್ಲಿ ಒಂದು ವಾಲ್ವ್ ಇರಲಿ. ಹಿತ್ತಲು ಮಾವಿನ ಗಿಡಗಳ ಕಡೆಗೆ ಇಳಿಜಾರಾಗಿದೆಯಲ್ಲ, ವಾರಕ್ಕೊಮ್ಮೆ ಪೂರ್ತಿ ತೆರೆದರೆ ಪೈಪಿನಲ್ಲಿ ಕೂತ ಕಸವೂ ಕೊಚ್ಚಿ ಗಿಡಗಳ ಪಾತಿಗೆ ಹೋಗುತ್ತದೆ. ಆ ನೀರು ಒಳ್ಳೆಯ ಗೊಬ್ಬರ, ಹನಿಯೂ ಚರಂಡಿಗೆ ಬಿಡಬೇಡ.

ಪಂಪಿಗೆ ಸಂಪಿನ ಹಳೆಯ ಅರ್ಧ ಎಚ್‌ಪಿ ಮೋಟಾರು ಬೇಡವೇ ಬೇಡ. ಕೊಳದ ಪಂಪು ಹಗಲು ರಾತ್ರಿ ಓಡಬೇಕು. ಆ ಮೋಟಾರು ದಿನಕ್ಕೆ ಒಂಬತ್ತು ಯೂನಿಟ್‌ಗೂ ಹೆಚ್ಚು ಎಳೆಯುತ್ತದೆ, ತಿಂಗಳಿಗೆ 270 ದಾಟುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿ ಅದೊಂದರಲ್ಲೇ ಮುಗಿಯಿತು. 80 ವ್ಯಾಟಿನ ಕೊಳದ ಪಂಪಾದರೆ ದಿನಕ್ಕೆ ಎರಡು ಯೂನಿಟ್‌ಗೂ ಕಡಿಮೆ. ನಾಲ್ಕು ಅಡಿ ಆಳದಲ್ಲಿ ನಿನ್ನ ಕೊಳಕ್ಕೆ ಸುಮಾರು 10,800 ಲೀಟರ್ ಹಿಡಿಯುತ್ತದೆ. ಎರಡು ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರ್ ದಾಟಬೇಕೆಂದರೆ ಗಂಟೆಗೆ 5,400 ಲೀಟರ್. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿರುವುದು ನೀರನ್ನು ಮೇಲೆತ್ತದಿದ್ದಾಗಿನ ಸಂಖ್ಯೆ. ಎಷ್ಟು ಅಡಿ ಎತ್ತಿದರೆ ಎಷ್ಟು ಲೀಟರ್ ಎಂಬ ಪಟ್ಟಿ ಕೇಳಿ ನೋಡು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲದೆ ನೀರಿನ ಹತ್ತಿರ ವಿದ್ಯುತ್ ತಂತಿ ಎಳೆಯಬೇಡ. ಮಗು ಅಲ್ಲೇ ಆಡುತ್ತಾಳೆ. ಕರೆಂಟು ಹೋದಾಗ ಮೀನಿಗೆ ಉಸಿರಾಟಕ್ಕೆ ಬ್ಯಾಟರಿಯ ಏರ್ ಪಂಪು ಒಂದಿರಲಿ.

ಕೃಷಿಹೊಂಡದಲ್ಲಿ ಉಳಿದ 500 ಮೈಕ್ರಾನ್ ಶೀಟು ಕೊಟ್ಟಿಗೆಯಲ್ಲಿದೆ, ಅದನ್ನೇ ಹಾಸೋಣ ಎಂದು ಅಣ್ಣ ಹೇಳಿದನಂತೆ. ಅದು ಗಟ್ಟಿ, ನಿಜ. ಆದರೆ ದೊಡ್ಡ ಹೊಂಡದ ಇಳಿಜಾರಿಗೆ ಹೊಂದುವ ಶೀಟು ಚಿಕ್ಕ ಗುಂಡಿಯ ಮೂಲೆಗಳಲ್ಲಿ ಬಾಗುವುದಿಲ್ಲ, ದೊಡ್ಡ ಮಡಿಕೆಗಳಾಗಿ ಅವುಗಳೊಳಗೆ ಕಸ ಕೊಳೆಯುತ್ತದೆ. ಅದನ್ನೇ ಬಳಸುವುದಾದರೆ ಬಿಸಿಗಾಳಿಯಲ್ಲಿ ಬೆಸುಗೆ ಹಾಕುವವರನ್ನು ಕರೆಸಿ ಗುಂಡಿಯ ಆಕಾರಕ್ಕೆ ಹೊಲಿಸಿದಂತೆ ಮಾಡಿಸು. ನನ್ನನ್ನು ಕೇಳಿದರೆ ಒಂದು ಮಿಲಿಮೀಟರ್ ಇಪಿಡಿಎಂ ರಬ್ಬರ್ ಶೀಟೇ ಸರಿ, ದುಬಾರಿಯಾದರೂ ಮೂಲೆ ಮೂಲೆಗೂ ಮೆತ್ತಗೆ ಕೂರುತ್ತದೆ. ಯಾವುದೇ ಆಗಲಿ, ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸು. ನಮ್ಮ ಕೆಂಪು ಮಣ್ಣಿನಲ್ಲಿ ಚೂಪು ಕಲ್ಲು ಜಾಸ್ತಿ. ಕೈಯಿಂದ ಸವರಿ ಒಂದೊಂದನ್ನೂ ತೆಗೆ.

ಅಂಚನ್ನು ನೆಲಕ್ಕಿಂತ ಆರು ಇಂಚು ಎತ್ತರಿಸಿ ಚಪ್ಪಡಿ ಕಲ್ಲು ಕೂರಿಸು, ಮಳೆಯ ಕೆಸರು ನೀರು ಒಳಗೆ ಬರಬಾರದು. ತುಂಬಿ ಹರಿಯುವ ನೀರಿಗೆ ಮೂರು ಇಂಚಿನ ಪೈಪು, ಬಾಯಿಗೆ ಜಾಲರಿ.

ನೀರು ತುಂಬಿದ ತಕ್ಷಣ ಮೀನು ತರಬೇಡ. ಹೊಸದಾಗಿ ಎತ್ತಿದ ಕೊಳವೆಬಾವಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಪಂಪು ಓಡಿಸಿ ಕೆಲವು ದಿನ ಬಿಡು. ಆಮೇಲೆ ಎರಡು ಮೂರು ಚಿಕ್ಕ ಮೀನು ಮಾತ್ರ. ಹಿಕ್ಕೆಯ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮಗುವಿಗೆ ಇದನ್ನು ನೀನೇ ಕೂರಿಸಿಕೊಂಡು ಹೇಳು, ಅವಳಿಗೆ ಅರ್ಥವಾಗುತ್ತದೆ.

ಶೀಟು ಹಾಸುವ ಮೊದಲು ಡ್ರೈನ್ ಪೈಪಿನ ಎರಡು ಬಾಯಿ ಮುಚ್ಚಿಸಿ, ನೀರು ತುಂಬಿಸಿ, ಸೋರುತ್ತದೆಯೇ ಎಂದು ಒಂದು ರಾತ್ರಿ ಬಿಟ್ಟು ನೋಡು. ಮಣ್ಣು ಎಳೆಯುವ ಮೊದಲು ಎಲ್ಲ ಜೋಡಣೆಗಳ ಫೋಟೊ ಕಳುಹಿಸು, ನೋಡಿ ಅಂದೇ ಹೇಳುತ್ತೇನೆ.