ಗಾಳದ ಗಂಟು ಜಾರುತ್ತಿದೆ: ಹೊಸಬರು ಮೊದಲು ಯಾವುದನ್ನು ಕಲಿಯಬೇಕು?

ಹೊಸ ಗಾಳಗಾರ, ಹಾಸನ:

ಎಲ್ಲರಿಗೂ ನಮಸ್ಕಾರ. ಗಾಳ ಹಾಕಲು ಕಲಿಯತೊಡಗಿ ನಾಲ್ಕು ತಿಂಗಳಾಗಿದೆ. ಭಾನುವಾರಗಳಂದು ಹೇಮಾವತಿಯ ಹಿನ್ನೀರಿಗೆ, ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯಿಂದ ಸ್ವಲ್ಪ ದೂರದ ದಂಡೆಗೆ ಹೋಗುತ್ತೇನೆ. ಇಲ್ಲಿಯವರೆಗೆ ಅಂಗೈಯಗಲದ ಜಿಲೇಬಿ ಮೀನುಗಳೇ ಸಿಗುತ್ತಿದ್ದುದರಿಂದ ನನ್ನ ಗಂಟುಗಳ ದೋಷ ಬಯಲಾಗಿರಲಿಲ್ಲ. ಆದರೆ ಕಳೆದ ಎರಡು ವಾರಗಳಲ್ಲಿ ಎರಡು ಬಾರಿ ದೊಡ್ಡ ಮೀನೊಂದು ಹಿಟ್ಟಿನ ಉಂಡೆಯನ್ನು ಕಚ್ಚಿ, ಹತ್ತಾರು ಅಡಿ ದಾರ ಎಳೆದುಕೊಂಡು ಹೋಗಿ, ಗಾಳದ ಸಮೇತ ಮಾಯವಾಯಿತು.

ನನ್ನದು 0.30 ಮಿ.ಮೀ. ದಪ್ಪದ ತಂಗೂಸಿ, ಅಂದರೆ ನೈಲಾನ್ ದಾರ. ಅದು ತಡೆಯುವ ಎಳೆತ 6 ಕಿಲೋ ಎಂದು ಪೊಟ್ಟಣದ ಮೇಲೆ ಮುದ್ರಿಸಿದೆ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಮೂರು ಸುತ್ತು ಹೊಸೆದು, ಕಣ್ಣಿನ ಪಕ್ಕದ ಸಣ್ಣ ಕುಣಿಕೆಯೊಳಗೆ ತುದಿಯನ್ನು ಹಾಕಿ ಒಮ್ಮೆಲೇ ಎಳೆದು ಬಿಗಿಯುತ್ತೇನೆ. ಉಳಿದ ತುದಿಯನ್ನು ಹಲ್ಲಿನಿಂದ ಬುಡಕ್ಕೇ ಕತ್ತರಿಸುತ್ತೇನೆ. ಮೀನು ತಪ್ಪಿಸಿಕೊಂಡ ಮೇಲೆ ನೋಡಿದರೆ ಎರಡೂ ಸಲ ದಾರದ ತುದಿ ಹಂದಿಯ ಬಾಲದಂತೆ ಸುರುಳಿಯಾಗಿತ್ತು. ವಿಡಿಯೋಗಳಲ್ಲಿ ಕ್ಲಿಂಚ್, ಪಾಲೊಮಾರ್, ಯೂನಿ, ಸ್ನೆಲ್, ಎಫ್‌ಜಿ ಎಂದು ಹೆಸರುಗಳು ಮುಗಿಯುವುದೇ ಇಲ್ಲ. ಇವುಗಳಲ್ಲಿ ಮೊದಲು ಯಾವುದನ್ನು ಕಲಿಯಬೇಕು, ಮತ್ತು ನೀರಿಗಿಳಿಸುವ ಮೊದಲೇ ಗಂಟು ಗಟ್ಟಿಯಾಗಿದೆಯೆಂದು ತಿಳಿಯುವುದು ಹೇಗೆ? ಇನ್ನೊಂದು ಮಾತು: ಈಚೆಗೆ ತಂದ ಗಾಳಗಳಿಗೆ ಕಣ್ಣೇ ಇಲ್ಲ, ತಲೆ ಚಪ್ಪಟೆಯಾಗಿದೆ. ಅಂಗಡಿಯವರು ಕೆಟ್ಟ ಮಾಲು ಕೊಟ್ಟರೇ?

ಹಿನ್ನೀರ ದಂಡೆ:

ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಸುರುಳಿಯಲ್ಲೇ ಇದೆ. ಮೀನು ಹೋದಾಗ ಬಹುತೇಕರು ದಾರವನ್ನು ಬೈಯುತ್ತಾರೆಯೇ ಹೊರತು ಅದರ ತುದಿಯನ್ನು ನೋಡುವುದಿಲ್ಲ. ನೀವು ನೋಡಿದ್ದೀರಿ ಎಂಬುದು ನನಗೆ ಮೆಚ್ಚುಗೆಯಾಯಿತು. ತುದಿ ಹಂದಿಬಾಲದಂತೆ ಸುರುಳಿಯಾಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ ಎಂದರ್ಥ. ತುದಿಯ ಗೇಣುದ್ದ ದಾರ ಒರಟಾಗಿ, ಬೆರಳಿಗೆ ಗೀರು ಗೀರಾಗಿ ತಾಕಿದರೆ ಕಲ್ಲಿಗೋ ಮುಳುಗಿದ ಮರದ ಬೊಡ್ಡೆಗೋ ಉಜ್ಜಿ ಸವೆದಿದೆ. ಸುರುಳಿಯೂ ಇಲ್ಲದೆ ಗೀರೂ ಇಲ್ಲದೆ ಗಂಟಿದ್ದ ಜಾಗದಲ್ಲೇ ಕಡಿದಿದ್ದರೆ, ಬಿಗಿಯುವಾಗ ದಾರಕ್ಕೆ ಪೆಟ್ಟಾಗಿರುವ ಸಂಭವ ಹೆಚ್ಚು.

ಗಂಟು ಜಾರಲು ನಿಮ್ಮ ವಿವರಣೆಯಲ್ಲೇ ಕಾರಣಗಳಿವೆ. ನೀವು ಕಟ್ಟುತ್ತಿರುವುದು ಕ್ಲಿಂಚ್ ಗಂಟು. ಅದಕ್ಕೆ ಈ ದಪ್ಪದ ನೈಲಾನ್ ದಾರದಲ್ಲಿ ಐದಾರು ಸುತ್ತು ಬೇಕು, ಮೂರು ಸಾಲದು. ತುದಿಯನ್ನು ಸಣ್ಣ ಕುಣಿಕೆಯಲ್ಲಿ ಹಾಕಿದ ಮೇಲೆ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗೂ ಒಮ್ಮೆ ತೂರಿಸಬೇಕು. ಈ ಒಂದು ಹೆಚ್ಚುವರಿ ತೂರಿಕೆಯಿರುವುದನ್ನೇ ಇಂಪ್ರೂವ್ಡ್ ಕ್ಲಿಂಚ್ ಎನ್ನುತ್ತಾರೆ. ತುದಿಯನ್ನು ಬುಡಕ್ಕೇ ಕತ್ತರಿಸಬೇಡಿ. ಎರಡು ಮೂರು ಮಿಲಿಮೀಟರ್ ಬಿಟ್ಟರೆ, ಗಂಟು ಕೊನೆಯ ಬಾರಿಗೆ ತುಸು ಸರಿದು ಕೂರುವಾಗ ತುದಿ ಒಳಗೆ ಜಾರಿಹೋಗುವುದಿಲ್ಲ. ಹಲ್ಲಿನ ಬದಲು ಉಗುರು ಕತ್ತರಿಸುವ ನೇಲ್ ಕಟರ್ ಸಾಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬಿಗಿಯುವ ರೀತಿ. ಒಣ ದಾರವನ್ನು ಒಮ್ಮೆಲೇ ಜಗ್ಗಿದರೆ ಸುತ್ತುಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ, ನೈಲಾನ್ ಆ ಬಿಸಿಯಲ್ಲಿ ಬಲ ಕಳೆದುಕೊಳ್ಳುತ್ತದೆ. ಗಂಟನ್ನು ನೀರಿನಲ್ಲೋ ಎಂಜಲಿನಲ್ಲೋ ಒದ್ದೆ ಮಾಡಿ ನಿಧಾನವಾಗಿ ಎಳೆಯಿರಿ. ಸುತ್ತುಗಳು ಸ್ಪ್ರಿಂಗಿನಂತೆ ಪಕ್ಕಪಕ್ಕದಲ್ಲಿ ಕೂರಬೇಕು. ಒಂದರ ಮೇಲೊಂದು ಹತ್ತಿ ಕುಳಿತಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಅರ್ಧ ಗೇಣು ದಾರ ಉಳಿಸಲು ಹೋಗಿ ಮೀನು ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಮಲ್ಪೆ ಕಡೆಯವನು:

ಕಣ್ಣಿಲ್ಲದ ಗಾಳ ಕೆಟ್ಟ ಮಾಲಲ್ಲ, ಅಂಗಡಿಯವರನ್ನು ದೂರಬೇಡಿ. ನಮ್ಮ ಕಡೆ ಕೈಗಾಳ ಹಾಕುವ ಹಿರಿಯರು ಹೆಚ್ಚಾಗಿ ಬಳಸುವುದು ಈ ಚಪ್ಪಟೆ ತಲೆಯದನ್ನೇ. ಇದಕ್ಕೆ ಕ್ಲಿಂಚ್ ಆಗಲಿ ಪಾಲೊಮಾರ್ ಆಗಲಿ ಬಾರದು, ಏಕೆಂದರೆ ದಾರ ತೂರಿಸಲು ತೂತೇ ಇಲ್ಲ. ದಾರವನ್ನು ಗಾಳದ ದಂಟಿಗೇ ಸುತ್ತಿ ಕಟ್ಟಬೇಕು. ವಿಡಿಯೋದವರು ಸ್ನೆಲ್ ಎನ್ನುವುದು ಇದನ್ನೇ.

ದಾರದ ತುದಿಯ ಕಡೆ ಸುಮಾರು ಒಂದು ಗೇಣನ್ನು ಮಡಿಸಿ, ಕುಣಿಕೆ ಗಾಳದ ಬಾಗಿನ ಕಡೆಗೆ ಬರುವಂತೆ ದಂಟಿನ ಉದ್ದಕ್ಕೂ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ತುದಿಯನ್ನು ಚಪ್ಪಟೆ ತಲೆಯ ಬುಡದಿಂದ ಆರಂಭಿಸಿ ದಂಟಿಗೂ ಅದರ ಮೇಲಿನ ದಾರಕ್ಕೂ ಸೇರಿಸಿ ಏಳೆಂಟು ಸುತ್ತು ಬಾಗಿನ ಕಡೆಗೆ ಸುತ್ತುತ್ತಾ ಬಂದು, ಕುಣಿಕೆಯೊಳಗೆ ಹಾಕಿ, ಒದ್ದೆ ಮಾಡಿ, ಮುಖ್ಯ ದಾರವನ್ನು ಎಳೆದರೆ ಕುಣಿಕೆ ಮುಚ್ಚಿಕೊಳ್ಳುತ್ತದೆ. ಹೊಸಬರು ಒಂದು ವಿಷಯದಲ್ಲಿ ಎಡವುತ್ತಾರೆ: ಮುಖ್ಯ ದಾರ ಯಾವಾಗಲೂ ಗಾಳದ ಮೊನೆಯಿರುವ ಬದಿಯಿಂದ ಹೊರಡಬೇಕು. ಹಿಂಬದಿಗೆ ಸರಿದರೆ ಚಪ್ಪಟೆ ತಲೆಯ ಅಂಚು ದಾರವನ್ನು ಕೊಯ್ಯುತ್ತದೆ, ಮೀನು ಕಚ್ಚಿದಾಗ ಗಾಳ ಕೂರುವ ಕೋನವೂ ಕೆಡುತ್ತದೆ. ಇದನ್ನು ದಂಡೆಯಲ್ಲಿ ಕುಳಿತು ಕಟ್ಟಲು ಹೋಗಬೇಡಿ. ಮನೆಯಲ್ಲೇ ಹತ್ತು ಗಾಳಗಳಿಗೆ ಮೊಳದುದ್ದ ದಾರ ಕಟ್ಟಿ, ರಟ್ಟಿಗೆ ಸುತ್ತಿ ಒಯ್ಯುವುದು ನಮ್ಮ ರೂಢಿ.

ಕೋಲು ಮತ್ತು ರೀಲು:

ಹಿನ್ನೀರ ದಂಡೆಯವರು ಹೇಳಿದ್ದೆಲ್ಲ ಸರಿ, ಆದರೆ ಮೊದಲ ಗಂಟಾಗಿ ನಾನು ಕ್ಲಿಂಚ್ ಅನ್ನು ಆರಿಸುವುದಿಲ್ಲ. ಅದು ಕಟ್ಟುವವನ ಕೈಚಳಕವನ್ನು ಬಹಳ ನಂಬಿದೆ. ಪಾಲೊಮಾರ್‌ನಲ್ಲಿ ತಪ್ಪಲು ಅವಕಾಶ ಕಡಿಮೆ. ದಾರವನ್ನು ಜೋಡಿಯಾಗಿ ಮಡಿಸಿ, ಆ ಜೋಡಿಯನ್ನೇ ಕಣ್ಣಿನಲ್ಲಿ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ, ಒದ್ದೆ ಮಾಡಿ ಎಳೆದರೆ ಮುಗಿಯಿತು. ಸುತ್ತುಗಳನ್ನು ಎಣಿಸುವ ಕೆಲಸವೇ ಇಲ್ಲ. ಮುಂದೆ ನೀವು ಹೆಣೆದ ದಾರಕ್ಕೆ, ಅಂದರೆ ಬ್ರೇಡ್‌ಗೆ ಹೋದಾಗಲೂ ಇದು ನಡೆಯುತ್ತದೆ. ಬ್ರೇಡ್ ನುಣುಪಾದ ಪಾಲಿಎಥಿಲೀನ್ ಎಳೆಗಳದ್ದಾದ್ದರಿಂದ ಅದರಲ್ಲಿ ಕ್ಲಿಂಚ್ ಸುಲಭವಾಗಿ ಜಾರುತ್ತದೆ. ಸಣ್ಣ ಕಣ್ಣಿನ ಗಾಳದಲ್ಲಿ ಜೋಡಿ ದಾರ ತೂರದಿರುವುದು ಇದರ ಒಂದು ತೊಂದರೆ.

ಅಭ್ಯಾಸಕ್ಕೆ ತಂಗೂಸಿಯಿಂದ ಆರಂಭಿಸಬೇಡಿ, ಅದು ಕಣ್ಣಿಗೇ ಕಾಣುವುದಿಲ್ಲ. ಬೂಟಿನ ಲೇಸು ಮತ್ತು ಬೀಗದ ಕೈಗೊಂಚಲಿನ ಬಳೆ ಸಾಕು, ಟಿ.ವಿ. ನೋಡುತ್ತಾ ದಿನಕ್ಕೆ ಹತ್ತು ಬಾರಿ ಕಟ್ಟಿ ಬಿಚ್ಚಿ. ಬೆರಳಿಗೆ ದಾರಿ ತಿಳಿದ ಮೇಲೆ ನಿಜವಾದ ದಾರದಲ್ಲಿ ಕಟ್ಟಿ, ಗಾಳವನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ದಾರವನ್ನು ಒಂದು ಕೋಲಿಗೆ ಸುತ್ತಿ ಎಳೆದು ನೋಡಿ. ಬರಿಗೈಗೆ ಸುತ್ತಿಕೊಂಡರೆ ಬೆರಳು ಕೊಯ್ಯುತ್ತದೆ. ಗಾಳ ಕಳಚಿ ಮುಖಕ್ಕೆ ಹಾರುವ ಭಯವೂ ಇರುವುದರಿಂದ ಕನ್ನಡಕ ಹಾಕಿಕೊಳ್ಳಿ.

ಹೊಸ ಗಾಳಗಾರ, ಹಾಸನ:

ಎಲ್ಲರಿಗೂ ಧನ್ಯವಾದಗಳು. ಹತ್ತು ದಿನ ಲೇಸಿನಲ್ಲಿ ಅಭ್ಯಾಸ ಮಾಡಿ, ನಿನ್ನೆ ಹಳೇ ಪೇಪರ್ ಕೊಳ್ಳುವವರಿಂದ ತಕ್ಕಡಿ ಕೇಳಿ ತಂದು ಎಳೆದು ನೋಡಿದೆ. ನನ್ನ ಹಳೆಯ ಮೂರು ಸುತ್ತಿನ ಗಂಟು 3 ಕಿಲೋ ದಾಟುವ ಮೊದಲೇ ಜಾರಿತು, ತುದಿಯಲ್ಲಿ ಅದೇ ಹಂದಿಬಾಲ. ಒದ್ದೆ ಮಾಡಿ ಕಟ್ಟಿದ ಪಾಲೊಮಾರ್ 5 ಕಿಲೋವರೆಗೆ ತಡೆದು, ಆಮೇಲೆ ಗಂಟಿನ ಬಳಿ ಕಡಿಯಿತು. ಆದರೆ ಒಂದು ಸಲ ಅದೇ ಪಾಲೊಮಾರ್ 3 ಕಿಲೋಗೇ ಕಡಿಯಿತು. ಇದು ಹೇಗೆ, ಸರ್?

ಹಿನ್ನೀರ ದಂಡೆ:

ಗಾಳ ದಾಟಿಸುವಾಗ ಜೋಡಿ ದಾರ ತಿರುಚಿ ಒಂದರ ಮೇಲೊಂದು ಅಡ್ಡ ಬಿದ್ದಿರಬೇಕು. ಹಾಗಾದಾಗ ಬಿಗಿದ ದಾರ ತನ್ನನ್ನು ತಾನೇ ಕೊಯ್ದುಕೊಳ್ಳುತ್ತದೆ. ಬಿಗಿಯುವ ಮುನ್ನ ಎರಡೆಳೆಗಳೂ ಸಮಾನಾಂತರವಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತಿರುಚಿಲ್ಲವಾದರೆ ದಾರ ಹಳೆಯದಿರಬಹುದು. ಬಿಸಿಲಿನಲ್ಲಿ ಬಿಟ್ಟ ನೈಲಾನ್ ಸೊರಗುತ್ತದೆ, ಆದ್ದರಿಂದ ರೀಲಿನ ಮೇಲಿನ ಹತ್ತು ಮೊಳವನ್ನು ಕತ್ತರಿಸಿ ತೆಗೆದು ಒಳಗಿನ ದಾರದಲ್ಲಿ ಮತ್ತೆ ಪರೀಕ್ಷಿಸಿ. ಕತ್ತರಿಸಿದ್ದನ್ನು ದಂಡೆಯಲ್ಲಿ ಎಸೆಯದೆ ಮನೆಗೇ ತನ್ನಿ. ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡದ್ದನ್ನು ನಾನು ನೋಡಿದ್ದೇನೆ.

ರೀಲಿನ ಡ್ರ್ಯಾಗ್ ಅನ್ನೂ, ಅಂದರೆ ಮೀನು ಜಗ್ಗಿದಾಗ ದಾರ ಬಿಟ್ಟುಕೊಡುವ ಬಿಗಿತವನ್ನೂ, ಅದೇ ತಕ್ಕಡಿಯಲ್ಲಿ ಅಳೆದುಬಿಡಿ. 6 ಕಿಲೋ ದಾರಕ್ಕೆ ಒಂದೂವರೆಯಿಂದ 2 ಕಿಲೋ ಎಳೆತಕ್ಕೆ ರೀಲು ದಾರ ಬಿಟ್ಟುಕೊಡುವಂತಿದ್ದರೆ, ನಿಮ್ಮ 5 ಕಿಲೋ ಗಂಟು ಧಾರಾಳವಾಯಿತು. ಪ್ರತಿ ದೊಡ್ಡ ಮೀನಿನ ನಂತರ ಗಾಳದ ಮೇಲಿನ ಒಂದು ಗೇಣು ದಾರವನ್ನು ಬೆರಳುಗಳ ನಡುವೆ ಸವರಿ ನೋಡಿ, ಒರಟು ತಾಕಿದರೆ ಕತ್ತರಿಸಿ ಮತ್ತೆ ಕಟ್ಟಿ.